ಬೆಟ್ಟಕ್ಕ ಹಾಕಿಸಿದ ರಿಟ್ಟು

"ಅಮ್ಮಾ, ಜೈಲಲ್ಲಿರೋದು ಬೆಟ್ಟಜ್ಜಿಯ ತಮ್ಮ ಅಲ್ವಾ? ಮತ್ತೆ ಬೆಟ್ಟಜ್ಜಿ ಯಾಕೆ ಒಬ್ರೇ ಕೂತ್ಕೋತಾರೆ?"

ಸೋಮವಾರ ಸಂಜೆ ಶಾಲೆಯ ಶೂ ಬಿಚ್ಚುತ್ತಾ ತೇಜು ಕೇಳಿದಳು. ಒಂದನೇ ಕ್ಲಾಸಿನ ಹುಡುಗಿ. ಅವಳ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಮೂವರಲ್ಲಿ ಬೆಟ್ಟಮ್ಮ ಒಬ್ಬರು. ಹೊಳೆನರಸೀಪುರದ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗೆ ಇರುವವರೂ ಅವರೇ. ಮಕ್ಕಳ ಊಟ ಮುಗಿದ ಮೇಲೆ ಅಡುಗೆಯವರು ಉಣ್ಣಲು ಕೂರುತ್ತಾರಂತೆ. ಇಬ್ಬರು ಬೇವಿನ ಮರದ ನೆರಳಿನಲ್ಲಿ, ಬೆಟ್ಟಜ್ಜಿ ಮಾತ್ರ ತಟ್ಟೆ ತೊಳೆಯುವ ನಲ್ಲಿಯ ಕಟ್ಟೆಯ ಮೇಲೆ.

"ಅಲ್ಲಿ ತಂಪಾಗಿರುತ್ತೇನೋ ಕಣೇ" ಎಂದೆ.

"ಅಲ್ಲಿ ಬಿಸಿಲಿರುತ್ತಮ್ಮ" ಎಂದಳು ತೇಜು. ಆಮೇಲೆ ಅವಳ ಗಮನ ಬಿಸ್ಕತ್ತಿನ ಡಬ್ಬಿಯ ಕಡೆ ಹೋಯಿತು. ನನ್ನದು ಹೋಗಲಿಲ್ಲ. ಆರು ವರ್ಷದ ಮಗುವಿಗೆ ಹೇಳಲಾಗದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ, ದೊಡ್ಡವಳಾದ ಮೇಲೆ ಬೇಕಾದರೆ ಓದಿಕೊಳ್ಳಲಿ.

ಬೆಟ್ಟಕ್ಕ ನಮ್ಮಲ್ಲಿಗೆ ಬಂದು ಎರಡು ವರ್ಷವಾಯಿತು. ಒಂದು ಟ್ರಂಕು, ಒಂದು ಗ್ಯಾಸ್ ಒಲೆ, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಾಜಿನ ಫೋಟೋ, ಇಷ್ಟೇ ಸಾಮಾನು. ಆಟೋದಿಂದ ಇಳಿಸುವ ಮೊದಲೇ ನಮ್ಮತ್ತೆ ನೀಲಗಂಗಮ್ಮನ ಮುಂದೆ ನಿಂತು ಹೇಳಿಬಿಟ್ಟರು:

"ನೋಡಿ ಅಮ್ಮಾರೆ, ನನ್ನ ತಮ್ಮ ಕೊಲೆ ಕೇಸಲ್ಲಿ ಆಸನದ ಜೈಲಲ್ಲವ್ನೆ. ಇನ್ನೂ ಕೇಸು ನಡೀತಾ ಅದೆ. ಇರು ಅಂದ್ರೆ ಇಳಿಸ್ತೀನಿ, ಬ್ಯಾಡ ಅಂದ್ರೆ ಇದೇ ಆಟೋದಲ್ಲಿ ಓಯ್ತೀನಿ."

ಅತ್ತೆ ಆಟೋದೊಳಗೆ ಇಣುಕಿ ನೋಡಿದರು. "ಬಾಡಿಗೆ ಕೇಳೋಕೆ ಬಂದೋರು ಇಂಥದ್ದನ್ನ ಮೊದ್ಲೇ ಯಾರಾದ್ರೂ ಹೇಳ್ತಾರೇನಮ್ಮಾ?"

"ಏಳ್ದೆ ಬಂದಿದ್ದೆ, ಎರಡು ಮನೇಲಿ. ಆಮ್ಯಾಕೆ ಗೊತ್ತಾಗಿ ಸಾಮಾನು ಈಚೆಗೆ ಇಟ್ರು. ಟ್ರಂಕು ಒತ್ತು ಒತ್ತು ಸಾಕಾಯ್ತು."

ಅತ್ತೆ, "ನಮ್ಮದು ಲಿಂಗಾಯತರ ಮನೆ. ಹಿತ್ತಲಲ್ಲಿ ಮೊಟ್ಟೆ ಕೂಡ ಬೇಯಿಸೋ ಹಂಗಿಲ್ಲ" ಎಂದರು.

"ಇಸ್ಕೂಲಲ್ಲಿ ನೂರಿಪ್ಪತ್ತು ಮೊಟ್ಟೆ ಸುಲಿದು ಬತ್ತೀನಿ ಕಣ್ರವ್ವಾ. ಮನೇಲೂ ಅದ್ರ ಮೊಖ ನೋಡು ಅಂದ್ರೂ ನೋಡಕಿಲ್ಲ."

ಅತ್ತೆ ನಕ್ಕರು. ಟ್ರಂಕು ಇಳಿಯಿತು.

ಹಾಗೆ ಬಂದವರು ಸದ್ದಿಲ್ಲದೆ ಇದ್ದುಬಿಟ್ಟರು. ಎಷ್ಟು ಸದ್ದಿಲ್ಲದೆ ಎಂದರೆ, ಅವರ ಕೋಣೆಯ ಕಡೆಯಿಂದ ಮಾತು ಕೇಳಿದರೆ ಯಾರೋ ಬಂದಿದ್ದಾರೆ ಎಂದು ನಾವು ತಿರುಗಿ ನೋಡುತ್ತಿದ್ದೆವು. ಯಾರೂ ಬಂದಿರುತ್ತಿರಲಿಲ್ಲ. "ಉಕ್ತೀಯೇನೇ? ಉಕ್ಕು, ಉಕ್ಕು, ನೋಡ್ತೀನಿ" ಎಂದು ಹಾಲಿನ ಪಾತ್ರೆಯನ್ನು ಗದರುತ್ತಿರುತ್ತಿದ್ದರು. ಒಮ್ಮೆ ಫೋನು ತಂದು ಕೊಟ್ಟು, "ಇದು ಕೆಟ್ಟೋಗದೇನೋ ನೋಡವ್ವಾ ಪ್ರತಿಬಾ, ನಾಕು ದಿನದಿಂದ ಬಡ್ಕಂಡೇ ಇಲ್ಲ" ಎಂದರು. ನನ್ನ ಫೋನಿನಿಂದ ಕರೆ ಮಾಡಿದೆ. ಚೆನ್ನಾಗಿಯೇ ಹೊಡೆದುಕೊಂಡಿತು. "ಸರಿಯಾಗೇ ಅದೆ ಬುಡು" ಎಂದು ಸೆರಗಿನಿಂದ ಒರೆಸಿಕೊಂಡು ಹೋದರು. ಫೋನು ಸರಿಯಾಗಿದ್ದದ್ದೇ ಅವರಿಗೆ ಬೇಸರವಾದಂತೆ ಕಂಡಿತು.

ಬೇವಿನ ಮರದ ಮಾತನ್ನು ನಾನು, ತೇಜು ಕೇಳಿದ ಮಾರನೆಯ ದಿನ, ಅವರನ್ನೇ ಕೇಳಿದೆ. ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ.

"ಅವ್ರು ಬ್ಯಾಡ ಅಂದಿಲ್ಲ ಕಣವ್ವಾ" ಎಂದರು ಬೆಟ್ಟಕ್ಕ. "ಏನೋ ಮಾತಾಡ್ಕೊಂಡು ನಗ್ತಾ ಇರ್ತಾರೆ. ನಾನು ಓದ್ರೆ ನಿಲ್ಲಿಸ್ತಾರೆ. ಅವರ ನಗು ನಾನ್ಯಾಕೆ ಕೆಡಿಸ್ಲಿ?"

ಅವರು ಹುಟ್ಟಿದ ಊರು ಈಗ ಇಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆ ಕಟ್ಟಿದಾಗ ಮುಳುಗಿತು. ಆಗ ಅವರಿಗೆ ಒಂಬತ್ತು ವರ್ಷ. ಲಾರಿಯಲ್ಲಿ ಬೀಸುಕಲ್ಲಿನ ಮೇಲೆ ಕೂತು ಹಳೇಕೋಟೆ ಕಡೆಯ ಹೊಸ ಜಾಗಕ್ಕೆ ಬಂದದ್ದು ನೆನಪಿದೆ ಎನ್ನುತ್ತಾರೆ. ಅಲ್ಲಿಗೆ ಬಂದ ಮೇಲೆಯೇ ತಮ್ಮ ಮೋಹನ್‌ಕುಮಾರ್ ಹುಟ್ಟಿದ್ದು. ಅವನಿಗೆ ಎರಡು ವರ್ಷವಾಗುವಷ್ಟರಲ್ಲಿ ತಾಯಿ, ಇನ್ನೆರಡು ವರ್ಷಕ್ಕೆ ತಂದೆ ಹೋದರು. ಬೆಟ್ಟಕ್ಕನನ್ನು ಅರಕಲಗೂಡಿಗೆ ಮದುವೆ ಮಾಡಿಕೊಟ್ಟಾಗ ಆರು ವರ್ಷದ ತಮ್ಮನೂ ಹಿಂದೆಯೇ ಹೋದ. ಒಂದು ವರ್ಷ ಸಹಿಸಿದ ಗಂಡನ ಮನೆಯವರು ಆಮೇಲೆ ಕೇಳಿದರಂತೆ, ಇಲ್ಲಿರೋದಾದ್ರೆ ನೀನೊಬ್ಬಳೇ ಇರು ಎಂದು.

"ನೀವೇನಂದ್ರಿ?"

"ಏನನ್ನನ? ಅವನ ಕೈ ಇಡ್ಕಂಡು ಬಸ್ ಅತ್ತುದೆ. ಟಿಕೀಟು ಕೊಡೋನು 'ಯಾರಮ್ಮ ಇದು, ಮಗನಾ?' ಅಂದ. ಊಂ ಅಂದ್ಬುಟ್ಟೆ. ಅರ್ಧ ಟಿಕೀಟು ಕೊಟ್ಟ."

ಆ ಗಂಡ ಬೇರೆ ಮದುವೆಯಾದ. ಇವರು ಆಗಲಿಲ್ಲ.

ಈಗ ಆ ಗಾಜಿನ ಫೋಟೋದ ವಿಷಯ ಹೇಳಬೇಕು. ಕೋಣೆಗೆ ಬಂದ ದಿನವೇ ಅದನ್ನು ದೇವರ ಪಟಗಳ ಪಕ್ಕದಲ್ಲಿ ಮೊಳೆ ಹೊಡೆದು ತಗಲಿಸಿದರು. ಕುಂಕುಮ ಹಚ್ಚಿ, ದಾಸವಾಳ ಸಿಕ್ಕಿಸಿದ್ದರು. ಯಾವ ದೇವರೋ ಎಂದು ಹತ್ತಿರ ಹೋಗಿ ನೋಡಿದರೆ ಟೈಪ್ ಮಾಡಿದ ಕಾಗದ. ಮೇಲೆ ಹೈಕೋರ್ಟಿನ ಹೆಸರು, ಕೆಳಗೆ ಮಾಸಿದ ಮುದ್ರೆ.

ಮುಳುಗಡೆಯಿಂದ ಬಂದ ಹತ್ತೊಂಬತ್ತು ಮನೆಯವರಿಗೆ ಸರ್ಕಾರ ಜಮೀನು ತೋರಿಸಿತ್ತು, ಕಾಗದ ಕೊಟ್ಟಿರಲಿಲ್ಲ. ಹದಿನಾರು ವರ್ಷ ಉತ್ತಿ ಬಿತ್ತಿದರೂ ಕಚೇರಿಯವರು ಇವತ್ತು ಬಾ, ನಾಳೆ ಬಾ ಎಂದೇ ಅಲೆಸಿದರು. ಕೊನೆಗೆ ಬೆಟ್ಟಕ್ಕನ ಸೋದರಮಾವ ನಂಜಯ್ಯ ಎಲ್ಲರನ್ನೂ ಸೇರಿಸಿ ಬೆಂಗಳೂರಿಗೆ ಹೋಗಿ ರಿಟ್ ಅರ್ಜಿ ಹಾಕಿಸಿದರು. ಮೂರು ತಿಂಗಳೊಳಗೆ ಸಾಗುವಳಿ ಚೀಟಿ ಕೊಡಿ ಎಂದು ಹೈಕೋರ್ಟು ಆಜ್ಞೆ ಮಾಡಿತು. ಎರಡೂವರೆ ತಿಂಗಳಿಗೆ ಅಧಿಕಾರಿಗಳೇ ಜೀಪಿನಲ್ಲಿ ಬಂದು, ಹೆಸರು ಕೂಗಿ ಕೂಗಿ ಕೊಟ್ಟು ಹೋದರಂತೆ. ಅಂದಿನಿಂದ ಆ ಊರಿನ ಹತ್ತೊಂಬತ್ತು ಮನೆಗಳಲ್ಲೂ ಆ ಆದೇಶಕ್ಕೆ ಗಾಜು ಹಾಕಿಸಿ ತೂಗು ಹಾಕಿದ್ದಾರೆ. ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಬೈಕಿನ ಜೊತೆ ಅದಕ್ಕೂ ಬೂದುಗುಂಬಳಕಾಯಿ ಒಡೆಯುತ್ತಾರೆ. ರಸ್ತೆ ಕೆಟ್ಟರೆ, ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಸೊಸೆ ತವರಿನಿಂದ ಬರದಿದ್ದರೆ ಕೂಡ ಅಲ್ಲಿ ಮೊದಲು ಬರುವ ಮಾತು, "ಒಂದು ರಿಟ್ಟು ಆಕ್ಬುಡಾನ."

ಜಗಳ ಆದದ್ದು ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ. ನಾಲೆಯ ತೂಬಿನ ಹತ್ತಿರ, ನೀರಿನ ಸರದಿ ಯಾರದು ಎಂದು. ಮೋಹನ್‌ಕುಮಾರನೂ ಪಕ್ಕದ ಹೊಲದ ರಾಮಣ್ಣನೂ ಬೆಳಿಗ್ಗೆ ಏಳು ಗಂಟೆಗೆ ಮಾತಿಗೆ ಮಾತು ಬೆಳೆಸಿದರು. ಮೋಹನ ಗುದ್ದಲಿಯ ಕಾವಿನಿಂದ ಒಂದು ಏಟು ಹೊಡೆದ. ರಾಮಣ್ಣ ಎದ್ದು ತಾನೇ ನಡೆದು ಮನೆಗೆ ಹೋದರು, ಸಂಜೆ ವಾಂತಿ ಮಾಡಿಕೊಂಡರು, ಆಸ್ಪತ್ರೆಯಲ್ಲಿ ಒಂಬತ್ತನೆಯ ದಿನ ತೀರಿಕೊಂಡರು.

ತಮ್ಮ ಹೊಡೆಯಲಿಲ್ಲ ಎಂದು ಬೆಟ್ಟಕ್ಕ ಒಂದು ದಿನವೂ ಹೇಳಿದ್ದನ್ನು ನಾನು ಕೇಳಿಲ್ಲ. "ಒಡೆದ. ಕಾವಿನ ಗುರ್ತು ನಾನೇ ನೋಡಿವ್ನಿ. ರಾಮಣ್ಣನ ಎಂಡ್ತೀನೂ ನಾನೂ ಒಂದೇ ಬೆಂಚಲ್ಲಿ ಕೂತು ಓದಿದ್ದು. ಅವಳ ಮನೆ ಮುಂದೆ ಓಗಿ ನಿಂತೆ. ಬಾಗ್ಲಾಕಿದ್ಲು. ಆಕ್ಲಿ ಬುಡು, ನಾನಾದ್ರೂ ಆಕ್ತಿದ್ದೆ." ಅವರ ಸಂಕಟ ಬೇರೆ. ಒಂದೇ ಏಟು, ಕೊಲ್ಲುವ ಮನಸ್ಸು ಇರಲಿಲ್ಲ, ಸತ್ತದ್ದು ಒಂಬತ್ತು ದಿನದ ಮೇಲೆ, ನಂಜೇರಿ. ಡಾಕ್ಟರೇ ಸಾಕ್ಷಿಯಲ್ಲಿ ಹೇಳಿದ ಈ ಮಾತಿಗೆ ತಕ್ಕ ಬೆಲೆ ಸಿಗಬೇಕು, ಶಿಕ್ಷೆ ಅಷ್ಟಕ್ಕೆ ತಕ್ಕಷ್ಟಿರಬೇಕು. ಇದೊಂದೇ ಅವರಿಗೆ ಬೇಕಾದದ್ದು.

ಕಳೆದ ಜೂನ್‌ನಲ್ಲಿ ಹಾಸನದ ಕೋರ್ಟಿನಲ್ಲಿ ತೀರ್ಪಾಯಿತು. ಹತ್ತು ವರ್ಷ. ಮೋಹನನನ್ನು ಮೈಸೂರಿನ ಜೈಲಿಗೆ ಕಳಿಸಿದರು. ಅವನ ಹೆಂಡತಿ ಚನ್ನರಾಯಪಟ್ಟಣದ ತವರಿಗೆ ಹೋದವಳು ಫೋನು ಎತ್ತುವುದನ್ನೇ ಬಿಟ್ಟಳು. ಉಳಿದದ್ದು ಅಕ್ಕ.

ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಮೇಲೆಯೇ ಲಾಯರು ದಿಲೀಪ್ ಹೇಳಿದ್ದರು: ಅರವತ್ತು ದಿನದೊಳಗೆ ಹೈಕೋರ್ಟಿಗೆ ಅಪೀಲು ಹಾಕಬೇಕು, ಜೊತೆಗೆ, ಅಪೀಲು ಮುಗಿಯುವ ತನಕ ಶಿಕ್ಷೆ ತಡೆದು ಜಾಮೀನು ಕೊಡಿ ಎಂದೂ ಕೇಳಬಹುದು. ದಿಲೀಪ್ ನಮ್ಮೂರಿನವರೇ, ವಯಸ್ಸು ಮೂವತ್ತೂ ಇಲ್ಲ. ನಂಜಯ್ಯನವರಿಗೆ ಅದೇ ಸಾಲದೆ ಬಂತು.

ಆ ಭಾನುವಾರ ನಂಜಯ್ಯ ನಮ್ಮ ಹಿತ್ತಲಿಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಎಂಬತ್ತರ ಹತ್ತಿರದ ಮನುಷ್ಯ, ಬಿಳಿ ಪಂಚೆ, ಕಂಕುಳಲ್ಲಿ ಛತ್ರಿ. ನಾನು ಬಟ್ಟೆ ಒಣಗಿಸುತ್ತಿದ್ದೆ.

"ಆ ಉಡ್ಗ ಅಪೀಲು ಅಂತಾನಲ್ಲ, ಅಪೀಲು ಅಂದ್ರೇನವ್ವಾ ಬೆಟ್ಟೀ? ಸಾಮೀ, ತಪ್ಪಾಗದೆ, ಇನ್ನೊಂದ್ಸಲ ನೋಡಿ ಅಂತ ಕಾಲು ಇಡ್ಯೋದು. ವರ್ಸಗಟ್ಲೆ ಇಡ್ಕಂಡೇ ಕುಂತಿರ್ಬೇಕು. ರಿಟ್ಟು ಅಂದ್ರೆ ಅಂಗಲ್ಲ. ಕರ್ಕಂಡು ಬಾ ಅವನ್ನ ಇಲ್ಲಿಗೆ ಅಂತ ಕೋರ್ಟೇ ಅಪ್ಪಣೆ ಮಾಡ್ತದೆ. ಮೂರು ತಿಂಗ್ಳು. ನಮ್ದು ಆಗ್ಲಿಲ್ವಾ?"

"ದಿಲೀಪಪ್ಪ ಅದು ಬೇರೆ, ಇದು ಬೇರೆ ಅಂದ ಮಾವಾ."

"ಅವನು ಉಟ್ಟೋಕ್ ಮುಂಚೆ ನಾನು ಐಕೋರ್ಟು ನೋಡಿವ್ನಿ ಕಣವ್ವಾ!"

ಬೆಟ್ಟಕ್ಕ ಗೋಡೆಯ ಮೇಲಿನ ಆ ಕಾಗದವನ್ನು ನೋಡಿದರು. ಅವರ ಬದುಕಿನಲ್ಲಿ ಒಂದೇ ಒಂದು ಸಲ ನ್ಯಾಯ ಮನೆ ಬಾಗಿಲಿಗೆ ಬಂದಿತ್ತು, ಅದೂ ಜೀಪಿನಲ್ಲಿ. ನಾನಾದರೂ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಬೆಂಗಳೂರಿನಲ್ಲಿ ಯಾರೋ ಒಬ್ಬ ವಕೀಲರು ಹಾಕೋಣ ಎಂದರು. ಮೋಹನ್‌ಕುಮಾರನನ್ನು ಅಕ್ರಮವಾಗಿ ಸೆರೆಯಲ್ಲಿಟ್ಟಿದ್ದಾರೆ, ಕೋರ್ಟಿನ ಮುಂದೆ ಹಾಜರುಪಡಿಸಿ ಬಿಡುಗಡೆ ಮಾಡಲು ಅಪ್ಪಣೆಯಾಗಬೇಕು ಎಂಬ ಅರ್ಜಿ. ಅರ್ಜಿದಾರರ ಹೆಸರು, ಬೆಟ್ಟಮ್ಮ. ಕೋರ್ಟಿನ ಕಚೇರಿಯವರು ಇದು ಹೇಗೆ ನಿಲ್ಲುತ್ತದೆ ಎಂದು ಆಕ್ಷೇಪಣೆ ಹಾಕಿ ವಾಪಸು ಕೊಟ್ಟರು. ತಿದ್ದಿ ಕೊಡಲು ತಿಂಗಳುಗಳು ಹಿಡಿದವು. ಪ್ರತಿ ಸಲ ಬೆಂಗಳೂರಿಗೆ ಹೋಗುವಾಗಲೂ ಕೋಣೆಯ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, "ಈ ಸಲ ಆಯ್ತದೆ ಅಂದವ್ರೆ" ಎನ್ನುತ್ತಿದ್ದರು. ಸಂಜೆ ಬಂದು ಕೀಲಿಕೈ ಇಸಿದುಕೊಂಡು ನೇರ ಕೋಣೆಗೆ ಹೋಗಿಬಿಡುತ್ತಿದ್ದರು.

ಫೆಬ್ರವರಿ ಎರಡನೆಯ ವಾರದಲ್ಲಿ ಅರ್ಜಿ ವಜಾ ಆಯಿತು. ಆದೇಶದ ಪ್ರತಿ ಹಿಡಿದುಕೊಂಡು, ತಲೆ ತಗ್ಗಿಸಿ, ಅವರು ಮತ್ತೆ ದಿಲೀಪ್ ಹತ್ತಿರವೇ ಹೋಗಬೇಕಾಯಿತು. ಒಬ್ಬರೇ ಹೋಗಲು ನಾಚಿಕೆ ಎಂದು ನನ್ನನ್ನು ಕರೆದರು. ದಿಲೀಪ್ ಆಫೀಸು ಬಸ್ ಸ್ಟ್ಯಾಂಡಿನ ಹಿಂದೆ, ಟೈಲರ್ ಅಂಗಡಿಯ ಮೇಲೆ. ಕೆಳಗೆ ಹೊಲಿಗೆ ಯಂತ್ರದ ಸದ್ದು ನಿಂತಾಗಲೆಲ್ಲ ನಮ್ಮ ಮಾತು ಜೋರಾಗಿ ಕೇಳಿಸುತ್ತಿತ್ತು.

ಎರಡೇ ಪುಟದ ಆದೇಶ. ದಿಲೀಪ್ ಓದಿ ಕನ್ನಡದಲ್ಲಿ ಹೇಳಿದರು. ಅಧಿಕಾರವಿರುವ ಕೋರ್ಟು ವಿಚಾರಣೆ ಮಾಡಿ ಶಿಕ್ಷೆ ಕೊಟ್ಟಿದೆ, ಆದ್ದರಿಂದ ಅದನ್ನು ಅಕ್ರಮ ಸೆರೆ ಎನ್ನಲಾಗದು. ತೀರ್ಪು ತಪ್ಪು ಎನಿಸಿದರೆ ಅಪೀಲಿನ ದಾರಿ ಇದೆ. ಆ ದಾರಿ ಇರುವಾಗ ಅದನ್ನು ಬಿಟ್ಟು ಬಂದವರಿಗೆ ಈ ವಿಶೇಷ ಅಧಿಕಾರವನ್ನು ಬಳಸಲಾಗುವುದಿಲ್ಲ.

ಬೆಟ್ಟಕ್ಕ ಕೇಳಿದರು, "ಅಂದ್ರೆ ಅಷ್ಟು ದೊಡ್ಡ ಕೋರ್ಟಿಗೂ ಕೈಲಾಗದ್ದು ಇರ್ತದಾ ಸಾ?"

"ಕೈಲಾಗಲ್ಲ ಅಂತಲ್ಲ ಬೆಟ್ಟಕ್ಕ. ನಿಮ್ಮ ಜಮೀನಿನ ಕೇಸಲ್ಲಿ ಕಚೇರಿಯವರು ಮಾಡಬೇಕಾದ ಕೆಲಸ ಮಾಡದೆ ಕೂತಿದ್ರು. ಮಾಡ್ರಿ ಅಂತು ಕೋರ್ಟು. ಇಲ್ಲಿ ಜಡ್ಜು ತಮ್ಮ ಕೆಲಸ ಮಾಡಿದಾರೆ. ಸರಿಯಾಗಿ ಮಾಡಿದಾರಾ ಇಲ್ವಾ ಅಂತ ನೋಡಬೇಕಾದ್ರೆ ಸಾಕ್ಷಿ ಓದಬೇಕು. ಡಾಕ್ಟ್ರು ಏನಂದ್ರು, ರಾಮಣ್ಣ ನಡ್ಕೊಂಡು ಮನೆಗೆ ಹೋದ್ರಾ, ಇದನ್ನೆಲ್ಲ ಒಂದೊಂದೇ ಓದೋದು ಅಪೀಲಲ್ಲಿ. ನಿಮಗೆ ಬೇಕಾಗಿದ್ದು ಇಷ್ಟೂ ಅಲ್ಲೇ ಇತ್ತು."

ಕೆಳಗೆ ಹೊಲಿಗೆ ಯಂತ್ರ ನಿಂತಿತು. "ಇನ್ನು ಇಲ್ವಾ?" ಎಂದರು ಬೆಟ್ಟಕ್ಕ.

ಇದೆ, ಎಂದರು ದಿಲೀಪ್. ಆದರೆ ಅರವತ್ತು ದಿನ ಮುಗಿದು ಆಗಲೇ ಆರು ತಿಂಗಳಾಗಿದೆ. ತಡವಾದದ್ದನ್ನು ಮನ್ನಿಸಿ ಎಂದು ಅಪೀಲಿನ ಜೊತೆ ಒಂದು ಅರ್ಜಿ ಕೊಡಬೇಕು, ಪ್ರಮಾಣ ಮಾಡಿ ಕಾರಣ ಹೇಳಬೇಕು. ಕೋರ್ಟು ಒಪ್ಪಿದರೆ ಅಪೀಲು ಒಳಗೆ ಹೋಗುತ್ತದೆ. ಒಪ್ಪದಿದ್ದರೆ ಡಾಕ್ಟರ ಮಾತನ್ನು ಓದುವವರೇ ಇಲ್ಲ.

"ಏನು ಕಾರಣ ಬರೆಯೋದು?" ನಾನು ಕೇಳಿದೆ.

"ನಡೆದದ್ದನ್ನೇ ಮೇಡಂ. ತಪ್ಪು ದಾರಿ ಅಂತ ಗೊತ್ತಿಲ್ದೆ, ನಂಬಿ, ಆ ಕೋರ್ಟಲ್ಲೇ ಓಡಾಡ್ತಾ ಇದ್ವಿ ಅಂದ್ರೆ ಜಡ್ಜುಗಳು ಕಿವಿಗೊಡ್ತಾರೆ. ಅದಕ್ಕೆ ದಾಖಲೆನೂ ಇದೆ." ಆಮೇಲೆ ಬೆಟ್ಟಕ್ಕನ ಕಡೆ ತಿರುಗಿ, "ಆದ್ರೆ ಅಕ್ಕಾ, ಜೈಲಿನೋರು ಕೂಡ ಅಪೀಲು ಹಾಕಿಸ್ತಾರಲ್ಲ, ಬಿಟ್ಟಿ ವಕೀಲರನ್ನ ಕೊಟ್ಟು. ಮೋಹನ ಅಲ್ಲಿ ಯಾಕೆ ಸಹಿ ಮಾಡ್ಲಿಲ್ಲ? ಕೋರ್ಟಲ್ಲಿ ಇದನ್ನ ಕೇಳೇ ಕೇಳ್ತಾರೆ" ಎಂದರು.

ಬೆಟ್ಟಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಮಾಡಕ್ಕೆ ಓಗಿದ್ದ. ಎರಡು ಸಲ. ಫಾರಂ ಕೊಟ್ಟವ್ರೆ ಅಕ್ಕಾ, ಆಕ್ಲಾ ಅಂದ. ನಾನೇ ಬ್ಯಾಡ ಅಂದೆ. ಅದಾಕಿದ್ರೆ ನಮ್ಮ ರಿಟ್ಟು ಕೆಡ್ತದೆ ಅಂತ ಮಾವ ಏಳಿದ್ದ. ಜಾಲ್ರಿ ಈಚೆಯಿಂದ ಕೂಗಿ ಏಳ್ದೆ, ಸಯಿನ್ ಆಕಬ್ಯಾಡ ಕಣ್ಲಾ ಅಂತ. ಅಲ್ಲಿದ್ದೋರೆಲ್ಲ ತಿರುಗಿ ನೋಡುದ್ರು."

ದಿಲೀಪ್ ಪೆನ್ನು ಕೆಳಗಿಟ್ಟರು. "ಅದನ್ನೇ ಬರೀಬೇಕಾಗುತ್ತೆ."

"ಬರುದ್ರೆ ಅವನಿಗೆ ಗೊತ್ತಾಯ್ತದಾ?"

"ಅಪೀಲು ಅವನ ಹೆಸರಲ್ಲಿ ಅಕ್ಕಾ. ಪ್ರಮಾಣಪತ್ರಕ್ಕೆ ಅವನೇ ಸಹಿ ಹಾಕೋದು. ಜೈಲಲ್ಲಿ ಓದಿ ಹೇಳೇ ಹಾಕಿಸ್ತಾರೆ."

ಆಗ ಗೊತ್ತಾಯಿತು ನನಗೆ. ರಿಟ್ಟು ಬಿದ್ದು ಹೋದದ್ದನ್ನು, ಅದು ತಪ್ಪು ದಾರಿಯಾಗಿತ್ತು ಎನ್ನುವುದನ್ನು ಅವರು ತಮ್ಮನಿಗೆ ಹೇಳಿಯೇ ಇರಲಿಲ್ಲ.

ಮೆಟ್ಟಿಲು ಇಳಿಯುವಾಗ ದಿಲೀಪರ ಗುಮಾಸ್ತ ಶಾಂತರಾಜು ಹಿಂದೆಯೇ ಬಂದು ದನಿ ತಗ್ಗಿಸಿ ಹೇಳಿದ, "ಅಮ್ಮೋ, ಯಾಕೆ ತಲೆ ಕೆಡಿಸ್ಕಂತೀಯಾ? ಸೊಂಟ ನೋವು, ಆರು ತಿಂಗ್ಳು ಆಸಿಗೆ ಇಡ್ದಿದ್ದೆ ಅಂತ ಒಂದು ಡಾಕ್ಟ್ರ ಚೀಟಿ ತಂದ್ಕೊಡು. ಎಲ್ಲಾರೂ ಅದೇ ಮಾಡೋದು. ನಿನ್ನ ತಮ್ಮಂಗೂ ರಿಟ್ಟಿನ ವಿಷ್ಯ ಏನೂ ತಿಳಿಯಕಿಲ್ಲ."

ದಾರಿಯುದ್ದಕ್ಕೂ ಬೆಟ್ಟಕ್ಕ ನನಗಿಂತ ಎರಡು ಹೆಜ್ಜೆ ಮುಂದೆ ನಡೆದರು. ಮನೆ ಮುಟ್ಟಿದ ಮೇಲೆ, "ಸೊಂಟ ನೋವು ಇರೋದು ನಿಜಾನೇ" ಎಂದರು.

"ಆರು ತಿಂಗಳಲ್ಲಿ ನೀವು ಒಂದು ದಿನ ಆದ್ರೂ ಅಡುಗೆಗೆ ತಪ್ಪಿಸಿದ್ದೀರಾ ಅಕ್ಕಾ? ಬೆಂಗಳೂರಿಗೆ, ಮೈಸೂರಿಗೆ ಹೋದ ದಿನ ಬಿಟ್ರೆ? ಶಾಲೆಯ ಹಾಜರಿ ಪುಸ್ತಕ ತರಿಸಿದ್ರೆ ಏನು ಮಾಡ್ತೀರಿ?"

"ತಮ್ಮ ಒಬ್ಬನೇ ಕಣವ್ವಾ ಇರೋದು ನಂಗೆ."

ಸುಳ್ಳು ಚೀಟಿ ಕೊಟ್ಟರೆ ತಮ್ಮನ ಪ್ರೀತಿ ಉಳಿಯುತ್ತದೆ, ಅಪೀಲು ಬಾಗಿಲಲ್ಲೇ ಬಿದ್ದು ಹೋಗಬಹುದು. ನಿಜ ಬರೆದರೆ ಅಪೀಲು ಒಳಗೆ ಹೋಗಬಹುದು, ತಮ್ಮ ಮುಖ ತಿರುಗಿಸಬಹುದು. ಬೇರೆಯವರ ಮನೆಯ ತಕ್ಕಡಿಯಲ್ಲಿ ನಾನು ಕಲ್ಲು ಹಾಕಲಾರದೆ ಒಳಗೆ ಬಂದು ಕುಕ್ಕರ್ ಇಟ್ಟೆ. ಅತ್ತೆಗೆ ಹೇಳಿದೆ. "ಆ ಹುಡುಗನನ್ನ ಮಗನ ಹಂಗೆ ಸಾಕಿದಾಳೆ. ಅಲ್ಲಿ ತಪ್ಪು ಒಪ್ಕೊಳೋದು ಕೋರ್ಟಲ್ಲಿ ಒಪ್ಕೊಂಡಷ್ಟು ಸಲೀಸೇನೇ?" ಎಂದರು ಅತ್ತೆ. ಅಂದು ಸಂಜೆ ಒಂದು ಬಟ್ಟಲು ಅವರೆಕಾಳಿನ ಹುಳಿಯನ್ನು ತಾವೇ ಹಿತ್ತಲಿಗೆ ತೆಗೆದುಕೊಂಡು ಹೋದರು. ಬಟ್ಟಲು ಕೊಟ್ಟು ತಕ್ಷಣ ಬರುವ ನಮ್ಮತ್ತೆ ಅರ್ಧ ಗಂಟೆ ಬರಲಿಲ್ಲ.

ದಿಲೀಪ್ ಎರಡು ಸಲ ಫೋನು ಮಾಡಿದರು. ದಿನ ಕಳೆದಷ್ಟೂ ಅದಕ್ಕೂ ಕಾರಣ ಕೊಡಬೇಕಾಗುತ್ತದೆ ಎಂದು ಎಚ್ಚರಿಸಿದರು. ಬೆಟ್ಟಕ್ಕ "ನಾಳೆ ಏಳ್ತೀನಿ" ಎನ್ನುತ್ತಲೇ ಇದ್ದರು. ಮೂರು ವಾರ ಹೀಗೆ ಹೋಯಿತು. ತೇಜು ಆ ಪ್ರಶ್ನೆ ಕೇಳಿದ್ದು ಈ ಮೂರನೆಯ ವಾರದಲ್ಲಿ.

ಜೈಲಿನಿಂದ ಮೋಹನ ಫೋನು ಮಾಡುವುದು ಶನಿವಾರ. ಅಲ್ಲಿ ಸಾಲಿನಲ್ಲಿ ನಿಂತು ಮಾಡಬೇಕು, ಐದು ನಿಮಿಷ ಸಿಗುತ್ತದೆ. ಮೊನ್ನೆ ಶನಿವಾರ ಶಾಲೆ ಮುಗಿಸಿ ಬಂದ ಬೆಟ್ಟಕ್ಕ ನಮ್ಮ ಅಂಗಳದಲ್ಲೇ ಇದ್ದರು, ತೇಜುವಿನ ತಲೆ ಬಾಚುತ್ತಿದ್ದರು. ಕೈಯಲ್ಲಿ ಎಣ್ಣೆ ಇದ್ದದ್ದರಿಂದ ಫೋನಿನ ಸ್ಪೀಕರ್ ಒತ್ತಿ ಜಗಲಿಯ ಮೇಲಿಟ್ಟರು. ಎದ್ದು ಹೋಗಲು ನನಗೆ ಹೊತ್ತೂ ಸಿಗಲಿಲ್ಲ.

"ಅಕ್ಕಾ, ಉಂಡಾ?"

"ಉಂಡೆ. ನೀನು? ಕೆಮ್ಮು ವಾಸಿ ಆಯ್ತಾ? ಮೊಣಕಾಲು? ಇಲ್ಲಿ ಅಮ್ಮಾರು ಅವರೆಕಾಳು ಉಳಿ ಕೊಟ್ಟಿದ್ರು ಕಣ್ಲಾ, ಒಗ್ಗರಣೆ ಎಂಗಿತ್ತು ಅಂದ್ರೆ..."

"ಅಕ್ಕಾ, ರಿಟ್ಟು ಏನಾಯ್ತು?"

"ಇನ್ನೂ ಕರುದಿಲ್ಲ ಅಂತೆ. ನಿಂಗೆ ಚಳಿಗೆ ಕಂಬಳಿ ಕೊಟ್ಟವ್ರಾ?"

"ಮಾರ್ಚು ತಿಂಗ್ಳಲ್ಲಿ ಎಂಥ ಚಳಿ ಅಕ್ಕಾ?" ಆ ಕಡೆ ಅವನು ನಕ್ಕ. ಆಮೇಲೆ ಹೇಳಿದ, "ನನ್ನ ಪಕ್ಕ ಮಲಗ್ತಿದ್ನಲ್ಲ, ಅವನು ನಿನ್ನೆ ಒಂಟೋದ. ಅವನದೂ ಹತ್ತು ವರ್ಸಾನೇ. ಅಪೀಲು ಆಕಿದ್ದ, ಬೇಲಾಯ್ತು. ಇಲ್ಲಿ ಎಲ್ರೂ ನನ್ನ ಆಡ್ಕಂಡು ನಗ್ತಾರೆ ಕಣಕ್ಕಾ, ರಿಟ್ಟು ಮೋಹ್ನ ಅಂತ ಎಸ್ರಿಟ್ಟವ್ರೆ. ನಾನು ಏಳ್ದೆ, ನಗ್ರಿ, ಎಷ್ಟು ಬೇಕೋ ನಗ್ರಿ, ನಮ್ಮಕ್ಕ ನನ್ನ ವಿಷ್ಯದಲ್ಲಿ ಒಂದು ದಿನಾನೂ ತಪ್ಪು ಮಾಡಿಲ್ಲ ಅಂದೆ."

ಬೆಟ್ಟಕ್ಕನ ಕೈ ತೇಜುವಿನ ಜಡೆಯಲ್ಲಿ ನಿಂತಿತು. ಆ ಕಡೆಯಿಂದ "ಅಕ್ಕಾ? ಅಕ್ಕಾ, ಕೇಳ್ತಾ ಅದಾ?" ಎಂದು ಎರಡು ಸಲ ಕೇಳಿ, ಹೊತ್ತು ಮುಗಿದು, ಕರೆ ಕಟ್ಟಾಯಿತು.

"ಬೆಟ್ಟಜ್ಜೀ, ನೋಯ್ತಿದೆ, ಜಡೆ ಬಿಡಿ" ಎಂದಳು ತೇಜು.

ಭಾನುವಾರ ಬೆಳಿಗ್ಗೆಯಿಂದ ಅವರ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು. ಹಾಲಿನ ಪಾತ್ರೆಯನ್ನು ಗದರಿಸಿದ್ದೂ ಕೇಳಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತರು. ಕೇಳದೆಯೇ ಒಂದು ಹಿಡಿ ಕಾಯಿ ಎತ್ತಿಕೊಂಡು ನಾರು ಬಿಡಿಸತೊಡಗಿದರು.

"ದಿ‍ಲೀಪಪ್ಪಂಗೆ ಫೋನ್ ಮಾಡ್ದೆ. ಚೀಟಿ ಗೀಟಿ ಬ್ಯಾಡ, ಇದ್ದದ್ದನ್ನೇ ಬರಿ ಅಂದೆ. ನಾನು ಸಯಿನ್ ಆಕಬ್ಯಾಡ ಅಂದಿದ್ದೂ ಬರಿ, ಕೂಗಿ ಏಳಿದ್ದೂ ಬರಿ ಅಂದೆ. ಕೂಗಿದ್ದು ಬ್ಯಾಡ ಅಕ್ಕಾ, ಏಳಿದ್ದು ಸಾಕು ಅಂದ."

"ಒಳ್ಳೇದು ಮಾಡಿದ್ರಿ ಅಕ್ಕಾ."

"ಒಳ್ಳೇದೋ ಕೆಟ್ಟದ್ದೋ. ಬುಧವಾರ ಪೇಪರು ಜೈಲಿಗೆ ಓಯ್ತದಂತೆ." ಒಂದು ಕಾಯಿಯನ್ನು ಮುರಿದರು, ಹುಳು ಇತ್ತು, ಪಕ್ಕಕ್ಕೆ ಎಸೆದರು. "ಯಾರೋ ಸಾಹೇಬ ಓದಿ ಏಳೋಕ್ ಮುಂಚೆ ನಾನೇ ಏಳ್ಬೇಕು ಕಣವ್ವಾ. ಮಂಗಳವಾರ ಬೆಳಿಗ್ಗೆ ರೈಲಿಗೆ ಓಯ್ತೀನಿ. ಇಸ್ಕೂಲಿಗೆ ರಜ ಏಳಿವ್ನಿ."

"ಹೇಳ್ತೀರಾ?"

"ಏಳ್ತೀನಿ ಅಂತಾನೇ ಓಗದು. ಮೂರು ಸಲ ಅಂಗೇ ಓಗಿವ್ನಿ. ರೈಲಲ್ಲಿ ಕೂತು ಎಲ್ಲ ಸರಿಯಾಗಿ ಬಾಯಿಗೆ ಬತ್ತದೆ. ಅವನ ಮೊಖ ಕಂಡ್ಬುಟ್ರೆ ಕೆಮ್ಮು, ಕಂಬಳಿ, ಮೊಣಕಾಲು. ಗಂಟೆ ಒಡುದ್ಬುಡ್ತಾರೆ, ಎದ್ದು ಬಂದ್ಬುಡ್ತೀನಿ."

ಅವರು ಮಡಿಲಲ್ಲಿದ್ದ ನಾರನ್ನೆಲ್ಲ ಒಟ್ಟುಗೂಡಿಸಿ, ನನ್ನ ಮುಖ ನೋಡದೆ, ಹುರುಳಿಕಾಯಿಯ ಮೊರಕ್ಕೇ ಹೇಳುವವರ ಹಾಗೆ ಹೇಳಿದರು:

"ಒಂದು ಉಪಕಾರ ಮಾಡ್ತೀಯಾ ಪ್ರತಿಬಾ? ಮಗೀನ ನಿಮ್ಮತ್ತೆ ತಾವ ಬುಟ್ಟು ಅವತ್ತೊಂದು ದಿನ ನನ್ನ ಜೊತೆ ಬಾ. ಆಧಾರ್ ಕಾರ್ಡು ತಗೋ, ಬಾಗ್ಲಲ್ಲಿ ಕೇಳ್ತಾರೆ. ನೀನೇನೂ ಮಾತಾಡಬ್ಯಾಡ. ಸುಮ್ಕೆ ನನ್ನ ಪಕ್ಕ ನಿಂತ್ಕೋ. ನಾನು ಅವರೆಕಾಳು, ಕೆಮ್ಮು ಅಂತ ಸುರು ಮಾಡಿದ್ನೋ, ನನ್ನ ಕಾಲು ತುಳಿ. ಜೋರಾಗೇ ತುಳಿ ಕಣವ್ವಾ, ಏಳೋಗಂಟ ತೆಗೀಬ್ಯಾಡ."